ಶಿವನಸಮುದ್ರದ ಹಳೆಯ ವಿದ್ಯುದಾಗಾರ: ನವೀಕರಣದಿಂದ ನಿಜವಾಗಿ ದೊರೆಯುವುದೇನು?

ಪ್ರಶ್ನೆ (ಮಳವಳ್ಳಿ ಸೀಮೆಯವನು):

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿರುವ ಶಿವನಸಮುದ್ರ ಜಲವಿದ್ಯುತ್ ಕೇಂದ್ರವು 1902ರಲ್ಲಿ ಆರಂಭವಾಯಿತು. ಇಂದು ಅದರ ಸ್ಥಾಪಿತ ಸಾಮರ್ಥ್ಯ 42 ಮೆಗಾವಾಟ್. ಶರಾವತಿ ಕೇಂದ್ರದ ಒಂದೇ ಒಂದು ಘಟಕವು 103.5 ಮೆಗಾವಾಟ್ ಉತ್ಪಾದಿಸಬಲ್ಲದು ಎಂಬುದನ್ನು ನೋಡಿದಾಗ, ಇಷ್ಟು ಸಣ್ಣ ಕೇಂದ್ರದ ನವೀಕರಣಕ್ಕೆ ಹಣ ಹಾಕುವುದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಈಗಲೂ ಅಲ್ಲಿ 1902ರ ಯಂತ್ರಗಳೇ ಓಡುತ್ತಿವೆಯೇ? ಹೊಸ ಟರ್ಬೈನು ಹಾಕಿದರೆ ಉತ್ಪಾದನೆ ದುಪ್ಪಟ್ಟಾಗಬಹುದೇ? ಇದು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂಬ ಮಾತು ಎಷ್ಟರಮಟ್ಟಿಗೆ ನಿಜ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ಇತಿಹಾಸದ ವಿದ್ಯಾರ್ಥಿನಿ):

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಇದು ಏಷ್ಯಾದ ಮೊದಲನೆಯದಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಜಲವಿದ್ಯುತ್ ಉತ್ಪಾದನೆ ನಡೆದಿತ್ತು. ಭಾರತದಲ್ಲಿಯೂ ಡಾರ್ಜಿಲಿಂಗ್ ಬಳಿಯ ಸಿದ್ರಪೋಂಗ್ ಕೇಂದ್ರವು 1897ರಲ್ಲಿ ಆರಂಭವಾಗಿತ್ತು. ಶಿವನಸಮುದ್ರದ ನಿಜವಾದ ಹಿರಿಮೆ ದೂರಪ್ರಸರಣದಲ್ಲಿದೆ. ಇಲ್ಲಿ ಹುಟ್ಟಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು, ಮತ್ತು ಆ ಮಾರ್ಗವು ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಒಂದಾಗಿತ್ತು. ಇಷ್ಟು ದೊಡ್ಡ ಸಂಗತಿಯಿರುವಾಗ ಇಲ್ಲದ ಬಿರುದನ್ನು ತಂದು ಅಂಟಿಸುವ ಅಗತ್ಯವಿಲ್ಲವೆಂದು ನನ್ನ ಭಾವನೆ.

ಯೋಜನೆಗೆ ಬೆನ್ನೆಲುಬಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಅದನ್ನು ಕಾರ್ಯಗತಗೊಳಿಸಿದವರು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ವಿದ್ಯುತ್ ಯಂತ್ರಗಳನ್ನು, ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಟರ್ಬೈನುಗಳನ್ನು ಪೂರೈಸಿದವು. 1902ರ ಜೂನ್ 30ರಂದು ಕೇಂದ್ರ ಚಾಲನೆಗೊಂಡಾಗ ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲ. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪಗಳು ಈ ವಿದ್ಯುತ್ತಿನಿಂದ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ, ಅಂದರೆ ಗಣಿಗಳಿಗೆ ವಿದ್ಯುತ್ ತಲುಪಿದ ಮೂರು ವರ್ಷಗಳ ಬಳಿಕ.

ಮೊದಲ ಆರು ಘಟಕಗಳು ತಲಾ 720 ಕಿಲೋವಾಟ್ ಸಾಮರ್ಥ್ಯದವು. ಒಟ್ಟು 4,320 ಕಿಲೋವಾಟ್. ಇಂದಿನ 42 ಮೆಗಾವಾಟ್ ಬರುವುದು ತಲಾ 3 ಮೆಗಾವಾಟಿನ ಆರು ಮತ್ತು ತಲಾ 6 ಮೆಗಾವಾಟಿನ ನಾಲ್ಕು ಘಟಕಗಳಿಂದ. ಆದ್ದರಿಂದ 1902ರ ಯಂತ್ರಗಳು ಈಗ ವಿದ್ಯುತ್ ಕೊಡುತ್ತಿಲ್ಲ. ಗಣಿಗಳ ಬೇಡಿಕೆ ಏರುತ್ತಾ ಹೋದರೂ ಬೇಸಿಗೆಯಲ್ಲಿ ಕಾವೇರಿಯ ಹರಿವು ಬತ್ತುತ್ತಿತ್ತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಗಲು ನೀರಾವರಿಯಷ್ಟೇ ಈ ಕೇಂದ್ರಕ್ಕೆ ವರ್ಷಪೂರ್ತಿ ನೀರು ಒದಗಿಸುವ ಅಗತ್ಯವೂ ಕಾರಣ.

ಉತ್ತರ 2 (ನಿವೃತ್ತ ವಿದ್ಯುತ್ ಎಂಜಿನಿಯರ್):

ದುಪ್ಪಟ್ಟಾಗುವುದಿಲ್ಲ. ಇಲ್ಲಿ ನೀರು ಧುಮುಕುವ ಎತ್ತರ ಸುಮಾರು 400 ಅಡಿ, ಅಂದರೆ 122 ಮೀಟರ್. ಒಟ್ಟಾರೆ ದಕ್ಷತೆಯನ್ನು ಶೇ. 85 ಎಂದಿಟ್ಟುಕೊಂಡರೆ ಸೆಕೆಂಡಿಗೆ ಒಂದು ಘನ ಮೀಟರ್ ನೀರಿನಿಂದ ಹೆಚ್ಚುಕಡಿಮೆ ಒಂದು ಮೆಗಾವಾಟ್ ದೊರೆಯುತ್ತದೆ. ಹತ್ತೂ ಘಟಕಗಳು ಪೂರ್ಣವಾಗಿ ಓಡಲು ಸುಮಾರು 1,500 ಕ್ಯೂಸೆಕ್ ನೀರು ಬೇಕು. ಕೃಷ್ಣರಾಜಸಾಗರದಿಂದ ಬಿಟ್ಟ ನೀರು, ತಿರುಮಕೂಡಲು ನರಸೀಪುರದಲ್ಲಿ ಸೇರುವ ಕಬಿನಿಯ ನೀರು, ಇವು ಯಾವಾಗ ಎಷ್ಟು ಬರಬೇಕೆಂಬುದನ್ನು ನಾಲೆಗಳ ಅಗತ್ಯ ಮತ್ತು ತಮಿಳುನಾಡಿಗೆ ಬಿಡಬೇಕಾದ ಪಾಲು ನಿರ್ಧರಿಸುತ್ತವೆಯೇ ಹೊರತು ವಿದ್ಯುದಾಗಾರವಲ್ಲ. ನದಿಯಲ್ಲಿ ಇಲ್ಲದ ನೀರನ್ನು ಎಷ್ಟೇ ದೊಡ್ಡ ಟರ್ಬೈನು ತಂದರೂ ಹುಟ್ಟಿಸಲಾರದು.

ಹಾಗೆಂದು ನವೀಕರಣ ವ್ಯರ್ಥವಲ್ಲ. ನೀರು ಮಿತವಾಗಿರುವಲ್ಲಿ ದಕ್ಷತೆಯೇ ಸಂಪತ್ತು. ಉದಾಹರಣೆಗೆ, ಸವೆದ ರನ್ನರಿನಿಂದ (ನೀರಿನ ಬಲಕ್ಕೆ ತಿರುಗುವ ಟರ್ಬೈನಿನ ಚಕ್ರ) ಒಟ್ಟು ದಕ್ಷತೆ ಶೇ. 78ಕ್ಕೆ ಇಳಿದಿದ್ದು, ಹೊಸ ರನ್ನರ್ ಮತ್ತು ಜನರೇಟರಿನ ಹೊಸ ತಂತಿಸುರುಳಿಯಿಂದ ಅದು ಶೇ. 88ಕ್ಕೆ ಏರಿದರೆ, ಅಷ್ಟೇ ನೀರಿನಿಂದ ಶೇ. 13ರಷ್ಟು ಹೆಚ್ಚು ವಿದ್ಯುತ್ ಸಿಗುತ್ತದೆ. ಒಂದಡಿ ಭೂಮಿಯೂ ಮುಳುಗುವುದಿಲ್ಲ. ಹಳೆಯ ಜನರೇಟರಿನ ತಂತಿಗಳ ಮೇಲಿನ ದಪ್ಪ ನಿರೋಧಕ ಹೊದಿಕೆಯ ಬದಲು ತೆಳುವಾದ ಎಪಾಕ್ಸಿ-ಅಭ್ರಕದ ನಿರೋಧಕ ಬಳಸಿದರೆ ಸುರುಳಿ ಕೂರುವ ಅದೇ ಸೀಳಿನಲ್ಲಿ ಹೆಚ್ಚು ತಾಮ್ರ ಹಿಡಿಸುತ್ತದೆ, ಮತ್ತು ಅದು ಹೆಚ್ಚಿನ ಶಾಖವನ್ನೂ ತಾಳುತ್ತದೆ. ಉನ್ನತೀಕರಣದ ಫಲ ನಮ್ಮಲ್ಲೇ ಕಂಡಿದೆ: ಶರಾವತಿಯ ಹತ್ತು ಘಟಕಗಳು ತಲಾ 89.1ರಿಂದ 103.5 ಮೆಗಾವಾಟಿಗೆ ಏರಿದವು. ಜೋಗದ ಮಹಾತ್ಮಾ ಗಾಂಧಿ ಕೇಂದ್ರ 120ರಿಂದ 139.2 ಮೆಗಾವಾಟ್ ಆಯಿತು.

ಶಿವನಸಮುದ್ರಕ್ಕೆ ಇನ್ನೊಂದು ತೊಡಕಿತ್ತು. ಆರಂಭದಲ್ಲಿ ಅದು ಸೆಕೆಂಡಿಗೆ 25 ಸೈಕಲ್‌ನ ವಿದ್ಯುತ್ ಕೊಡುತ್ತಿತ್ತು. ಗ್ರಿಡ್ 50 ಸೈಕಲ್‌ನದು. ಟರ್ಬೈನಿನ ವೇಗ ಬದಲಾಗದಿದ್ದರೆ ಆವರ್ತನ ದುಪ್ಪಟ್ಟಾಗಲು ಜನರೇಟರಿನ ಕಾಂತಧ್ರುವಗಳ ಸಂಖ್ಯೆಯೂ ದುಪ್ಪಟ್ಟಾಗಬೇಕು. ಸ್ಕ್ರೂ ಬಿಗಿ ಮಾಡಿ ಮುಗಿಸುವ ಕೆಲಸ ಅದಲ್ಲ.

ಪ್ರಶ್ನಿಸಿದವನು:

ಇಬ್ಬರಿಗೂ ಧನ್ಯವಾದ. ನವೀಕರಣದ ಅವಧಿಯಲ್ಲಿ ಕೇಂದ್ರವನ್ನು ಪೂರ್ತಿ ನಿಲ್ಲಿಸಬೇಕಾಗುತ್ತದೆಯೇ? ಹಣ ಸೀಮಿತವಾಗಿದ್ದರೆ ಮೊದಲು ಎಲ್ಲಿ ಹಾಕಬೇಕು?

ಉತ್ತರ 3 (ನಿವೃತ್ತ ವಿದ್ಯುತ್ ಎಂಜಿನಿಯರ್):

ಪೂರ್ತಿ ನಿಲ್ಲಿಸಬೇಕಾಗಿಲ್ಲ. ಹತ್ತು ಸಣ್ಣ ಘಟಕಗಳಿರುವುದೇ ಇಲ್ಲಿ ಅನುಕೂಲ. ಹರಿವು ಕಡಿಮೆಯಾಗುವ ಬೇಸಿಗೆಯಲ್ಲಿ ಒಂದೊಂದನ್ನೇ ಬಿಚ್ಚಬಹುದು, ಮುಂಗಾರು ಬಂದಾಗ ಉಳಿದವು ಓಡುತ್ತಿರುತ್ತವೆ. ಹಣ ಸೀಮಿತವಾಗಿದ್ದರೆ ನಾನು ಮೊದಲು ನೋಡುವುದು ಯಂತ್ರವನ್ನಲ್ಲ. ನೀರು ತರುವ ನಾಲೆಗಳ ಹೂಳನ್ನು, ಸೋರಿಕೆಯನ್ನು, ಗೇಟುಗಳನ್ನು ಮತ್ತು ನೀರನ್ನು ಟರ್ಬೈನಿಗೆ ಇಳಿಸುವ ಪೆನ್‌ಸ್ಟಾಕ್ ಕೊಳವೆಗಳ ತಗಡಿನ ದಪ್ಪವನ್ನು. ಅಲ್ಲಿ ಕಳೆದುಹೋದ ನೀರು ಹೊಸ ರನ್ನರನ್ನು ತಲುಪುವುದೇ ಇಲ್ಲ, ಮತ್ತು ತುಕ್ಕು ಹಿಡಿದು ತೆಳುವಾದ ಕೊಳವೆ ಕೆಳಗೆ ಕೆಲಸ ಮಾಡುವವರ ಜೀವಕ್ಕೇ ಅಪಾಯ. ಕೊಳವೆಗಳ ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆಯೇ ಟರ್ಬೈನಿಗೆ ಟೆಂಡರ್ ಕರೆಯುವುದು ಸರಿಯಾದ ಕ್ರಮ.