ಪದಚರ್ಚೆ: ‘ವ್ಯಕ್ತಿತ್ವ ದೋಷ’ಕ್ಕೆ ಬದಲಿ ಪದ ಬೇಕು, ಜೊತೆಗೆ ಇನ್ನೆರಡು

ಬಳಗದವರಿಗೆ ನಮಸ್ಕಾರ.

ಮನೋವೈದ್ಯಕೀಯ ವಾರ್ಡಿಗೆ ಹೊಸದಾಗಿ ಸೇರುವ ಶುಶ್ರೂಷಕರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಭಾಷೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಖಿನ್ನತೆ, ಗೀಳು, ಮುಪ್ಪಿನ ಮರೆವು ಇವುಗಳ ಅಧ್ಯಾಯಗಳು ಹೆಚ್ಚು ತಡೆಯಿಲ್ಲದೆ ಸಾಗಿದವು. ಪರ್ಸನಾಲಿಟಿ ಡಿಸಾರ್ಡರ್ ಮತ್ತು ಆಟಿಸಂನಂಥ ಬೆಳವಣಿಗೆಯ ತೊಂದರೆಗಳ ಅಧ್ಯಾಯಕ್ಕೆ ಬಂದ ಮೇಲೆ ಕೈ ಓಡುತ್ತಿಲ್ಲ. ರೋಗಿಯ ಮನೆಯವರೊಡನೆ ದಿನವೂ ಮಾತನಾಡುವವರು ಶುಶ್ರೂಷಕರೇ. ಅವರ ಬಾಯಿಗೆ ನಾವು ಕೊಡುವ ಪದ ಮನೆಯವರ ಕಿವಿಗೆ ಬೈಗುಳವಾಗಿ ಬೀಳಬಾರದು.

ಪರ್ಸನಾಲಿಟಿ ಡಿಸಾರ್ಡರ್‌ಗೆ ಬಳಕೆಯಲ್ಲಿ ನಾನು ಕಂಡವು ಇಷ್ಟು: ವ್ಯಕ್ತಿತ್ವ ದೋಷ, ವ್ಯಕ್ತಿತ್ವ ವಿಕಾರ, ವ್ಯಕ್ತಿತ್ವ ವ್ಯತ್ಯಯ, ವ್ಯಕ್ತಿತ್ವದ ಅಸ್ವಸ್ಥತೆ. ‘ವಿಕಾರ’ಕ್ಕೆ ಸಂಸ್ಕೃತದಲ್ಲಿ ಮಾರ್ಪಾಡು ಎಂಬ ನಿರುಪದ್ರವಿ ಅರ್ಥವಿದೆ, ಒಪ್ಪುತ್ತೇನೆ, ಕನ್ನಡದ ಕಿವಿಗೆ ಅದು ಕುರೂಪ. ‘ವ್ಯತ್ಯಯ’ ಎಂದೊಡನೆ ಕರೆಂಟು ಹೋಗುತ್ತದೆ. ‘ಅಸ್ವಸ್ಥತೆ’ ತಕ್ಕಮಟ್ಟಿಗೆ ವಾಸಿ. ಆದರೆ ಪತ್ರಿಕೆಗಳಲ್ಲಿ ಜನ ಊಟ ಕೆಟ್ಟು ಅಸ್ವಸ್ಥರಾಗಿ ಎರಡು ದಿನದಲ್ಲಿ ಮನೆಗೆ ಮರಳುತ್ತಾರೆ. ಹರೆಯದಿಂದ ಜೊತೆಗೇ ಬಂದಿರುವ ತೊಂದರೆಗೆ ಅದು ಹಗುರವಾಯಿತೇನೋ.

ಇವೆಲ್ಲಕ್ಕಿಂತ ತೊಡಕಿನದು ಮೊದಲರ್ಧ. ‘ವ್ಯಕ್ತಿತ್ವ’ ಕನ್ನಡದಲ್ಲಿ ಶೀಲಕ್ಕೆ ತೀರ ಹತ್ತಿರದ ಮಾತು. ಸತ್ತವರನ್ನು ಮೇರು ವ್ಯಕ್ತಿತ್ವ ಎನ್ನುತ್ತೇವೆ, ಕಾಲೇಜುಗಳಲ್ಲಿ ವ್ಯಕ್ತಿತ್ವ ವಿಕಸನ ಶಿಬಿರ ನಡೆಸುತ್ತೇವೆ. ಹೀಗಿರುವಾಗ ಕೈ ಕೊಯ್ದುಕೊಂಡು ದಾಖಲಾದ ಹುಡುಗಿಯ ತಾಯಿಗೆ ‘ನಿಮ್ಮ ಮಗಳಿಗೆ ವ್ಯಕ್ತಿತ್ವ ದೋಷವಿದೆಯಮ್ಮ’ ಎಂದರೆ, ಆಕೆಗೆ ಕೇಳಿಸುವುದು ‘ಮಗಳ ನಡತೆ ಸರಿಯಿಲ್ಲ’ ಎಂದೇ. ‘ಸ್ವಭಾವ’ ಎಂದು ಬದಲಿಸೋಣವೆಂದರೆ, ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಕಾದು ಕುಳಿತಿದೆ. ವಾಸ್ತವ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಯಿಂದ ಹೀಗೆ ತಮ್ಮನ್ನು ಗಾಯಗೊಳಿಸಿಕೊಳ್ಳುವುದು ಕಡಿಮೆಯಾಗುತ್ತದೆಂದು 1991ರಲ್ಲೇ ಪ್ರಕಟವಾಗಿದೆ. ವಯಸ್ಸು ಮಾಗಿದಂತೆ ಸುಧಾರಿಸುವವರೂ ಬಹಳ.

2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಐಸಿಡಿ-11, ಪರ್ಸನಾಲಿಟಿ ಡಿಸಾರ್ಡರ್‌ನ ಹಳೆಯ ಬಗೆಗಳ ಪಟ್ಟಿಯನ್ನು ಬಹುಪಾಲು ಕೈಬಿಟ್ಟು, ಸೌಮ್ಯ, ಮಧ್ಯಮ, ತೀವ್ರ ಎಂದು ತೊಂದರೆಯ ಮಟ್ಟವನ್ನು ನೋಡುತ್ತದೆ. ತನ್ನ ಬಗೆಗಿನ ಅರಿವಿನಲ್ಲಿ ಮತ್ತು ಇತರರೊಡನೆಯ ಸಂಬಂಧದಲ್ಲಿ ಬಹುಕಾಲ ಉಳಿಯುವ ತೊಡಕು ಎಂಬುದು ಅದರ ತಿರುಳು. ಇದನ್ನೇ ಹಿಡಿದು ‘ಹೊಂದಾಣಿಕೆಯ ತೊಡಕು’ ಎನ್ನಬಹುದೆಂದುಕೊಂಡೆ. ಆದರೆ ಬದುಕಿನ ಒಂದು ಪೆಟ್ಟಿಗೆ ಹೊಂದಿಕೊಳ್ಳಲಾಗದೆ ಬರುವ ಅಡ್ಜಸ್ಟ್‌ಮೆಂಟ್ ಡಿಸಾರ್ಡರ್ ಎಂಬ ಇನ್ನೊಂದು ಸ್ಥಿತಿ ಆ ಜಾಗವನ್ನು ಆಗಲೇ ಹಿಡಿದಿದೆ.

ಪರ್ಸನಾಲಿಟಿ ಡಿಸಾರ್ಡರ್‌ನ ಒಂದು ಬಗೆಯ ಹೆಸರಾದ ‘ಬಾರ್ಡರ್‌ಲೈನ್’ ಇನ್ನೂ ವಿಚಿತ್ರ. 1938ರಲ್ಲಿ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಬಳಸಿದಾಗ ನ್ಯೂರೋಸಿಸ್ (ವಾಸ್ತವದ ಅರಿವು ಉಳಿದಿರುವ ತಳಮಳ) ಮತ್ತು ಸೈಕೋಸಿಸ್‌ಗಳ (ಆ ಅರಿವೇ ತಪ್ಪುವ ಸ್ಥಿತಿ) ನಡುವಿನ ಗಡಿ ಎಂಬ ಅರ್ಥವಿತ್ತು. ಈಗ ಆ ಗಡಿಯನ್ನು ಯಾರೂ ನಂಬುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಮನೆಯವರು ಅದನ್ನು ‘ಸ್ವಲ್ಪದರಲ್ಲಿದೆ, ಪಾಸಾಗುತ್ತಾನೆ’ ಎಂದು ತಿಳಿಯುತ್ತಾರೆ. ಬುದ್ಧಿಮಟ್ಟದ ಅಳತೆಯಲ್ಲೂ ಬಾರ್ಡರ್‌ಲೈನ್ ಎಂಬ ಮಾತಿರುವುದರಿಂದ ಒಂದೇ ವಾರ್ಡಿನಲ್ಲಿ ಎರಡೂ ಬೆರೆಯುತ್ತವೆ. ‘ಗಡಿರೇಖೆಯ ವ್ಯಕ್ತಿತ್ವ’ ಎಂದು ಅನುವಾದಿಸುವವರಿಗೆ ದೂರದಿಂದ ನಮಸ್ಕಾರ. ‘ಚಂಚಲ’ ಎಂಬ ಸಲಹೆ ಬಂದಿತ್ತು. ಹೆಣ್ಣುಮಕ್ಕಳ ಮೇಲೆ ಆ ಪದ ಹೊರಿಸಿರುವ ಹೊರೆಯೇ ಸಾಕು.

ಬೆಳವಣಿಗೆಯ ತೊಂದರೆಗಳಲ್ಲಿ ‘ಬೆಳವಣಿಗೆ’ಯನ್ನೇ ಇಟ್ಟುಕೊಂಡಿದ್ದೇನೆ, ‘ಚೆನ್ನಾಗಿಯೇ ಬೆಳೆದಿದ್ದಾನಲ್ಲ’ ಎಂದು ಅಜ್ಜಿಯರು ಎತ್ತರ ತೋರಿಸುತ್ತಾರೆಂದು ಗೊತ್ತಿದ್ದೂ. ‘ವಿಕಾಸ ವಿಕಾರ’ ಎಂದು ಒಬ್ಬರು ಬರೆದು ಕಳಿಸಿದ್ದರು. ಅಚ್ಚಿನಲ್ಲಿ ಒಂದಕ್ಷರ ಜಾರಿದರೆ ಏನಾದೀತು ನೋಡಿ. ‘ಬುದ್ಧಿಮಾಂದ್ಯ’ ಬೇಡ, ‘ಬೌದ್ಧಿಕ ಅಸಾಮರ್ಥ್ಯ’ ಇರಲಿ ಎಂಬುದು ನನ್ನ ನಿಲುವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಂಗ್ಲಿಷ್ ಪಾಠ ಹೊಸ ಪದವನ್ನು ಒಪ್ಪಿಕೊಂಡಿದೆ. ಅದರ ಮರುವರ್ಷ ಬಂದ ಮಾನಸಿಕ ಆರೋಗ್ಯ ಕಾಯ್ದೆ ಮಾತ್ರ ಹಳೆಯ ಪದವನ್ನೇ ಹಿಡಿದು, ಅದು ಮಾನಸಿಕ ಕಾಯಿಲೆಯಲ್ಲ ಎಂದು ಹೊರಗಿಡುತ್ತದೆ. ಕಾನೂನು ಬರೆಯುವವರೂ ಒಮ್ಮೆ ಕೂತು ಪದಚರ್ಚೆ ಮಾಡಬಹುದಿತ್ತು.

ಇದೇ ಅಧ್ಯಾಯದಲ್ಲಿ ‘ಡಯಾಗ್ನಾಸ್ಟಿಕ್ ಓವರ್‌ಶಾಡೋಯಿಂಗ್’ ಎಂಬುದು ಬರುತ್ತದೆ. ಮಾತು ಬಾರದ ಹುಡುಗ ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ ‘ಆಟಿಸಂ ತಾನೆ, ಹಾಗೇ’ ಎಂದು ಬಿಟ್ಟುಬಿಡುವುದು; ಒಳಗೆ ಹಲ್ಲುನೋವೋ ಕಿವಿನೋವೋ ಮಲಬದ್ಧತೆಯೋ ಇರುತ್ತದೆ. ಇದಕ್ಕೆ ಪದ ಹುಡುಕುವುದನ್ನು ಬಿಟ್ಟು ‘ವರ್ತನೆ ಬದಲಾದರೆ ಮೊದಲು ಬಾಯಿ, ಕಿವಿ, ಹೊಟ್ಟೆ ನೋಡಿ’ ಎಂದು ಬರೆದಿದ್ದೇನೆ. ಅಂದಹಾಗೆ ‘ಶುಶ್ರೂಷೆ’ಯ ಮೂಲಾರ್ಥ ಕೇಳಬೇಕೆಂಬ ಬಯಕೆ, ಶ್ರು ಧಾತುವಿನಿಂದ ಬಂದದ್ದು, ಸೇವೆ ಎಂಬ ಅರ್ಥ ಅನಂತರದ್ದು.

ಎರಡನೆಯ ಪ್ರಶ್ನೆ ‘ಲಿಮಿಟ್ ಸೆಟ್ಟಿಂಗ್’ ಕುರಿತು. ಏನು ನಡೆಯುತ್ತದೆ, ಏನು ನಡೆಯುವುದಿಲ್ಲ, ಮೀರಿದರೆ ಏನಾಗುತ್ತದೆ ಎಂಬುದನ್ನು ಸಿಟ್ಟಿಲ್ಲದೆ ಮೊದಲೇ ಹೇಳುವುದು, ಮೂರೂ ಪಾಳಿಯವರು ಅದನ್ನೇ ಹೇಳುವುದು. ಪಾಳಿಗೊಂದು ಮಾತಾದರೆ ‘ಒಳ್ಳೆಯ ಸಿಸ್ಟರ್, ಕೆಟ್ಟ ಸಿಸ್ಟರ್’ ಎಂದು ವಾರ್ಡೇ ಇಬ್ಭಾಗವಾಗುತ್ತದೆ. ಕರಡಿನಲ್ಲಿ ‘ನಿರ್ಬಂಧ ವಿಧಿಸುವುದು’ ಎಂದಿತ್ತು, ನಾನು ಹೊಡೆದುಹಾಕಿದೆ. 2017ರ ಕಾಯ್ದೆಯ 97ನೆಯ ಕಲಮು ರೋಗಿಯನ್ನು ಕಟ್ಟಿಹಾಕುವಂಥ ದೈಹಿಕ ನಿರ್ಬಂಧದ ಬಗ್ಗೆ ಇದೆ. ಸನ್ನಿಹಿತ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದಕ್ಕೆ ಅವಕಾಶ, ಅದೂ ಮನೋವೈದ್ಯರ ಅನುಮತಿಯಿಂದ, ದಾಖಲೆಯ ಸಮೇತ. ಒಬ್ಬಂಟಿಯಾಗಿ ಕೂಡಿಹಾಕುವುದಂತೂ ನಿಷಿದ್ಧ. ಎರಡಕ್ಕೂ ಒಂದೇ ಪದವಿದ್ದರೆ ಹೊಸಬರು ಯಾವುದನ್ನು ಯಾವುದೆಂದುಕೊಳ್ಳಬೇಕು? ‘ಲಕ್ಷ್ಮಣರೇಖೆ’ಯಲ್ಲಿ ಬೆದರಿಕೆಯ ವಾಸನೆ. ಸರ್ವೆ ಇಲಾಖೆಯ ‘ಹದ್ದುಬಸ್ತು’ ಅರ್ಥದಲ್ಲಿ ಕರಾರುವಾಕ್ಕಾಗಿ ಹೊಂದುತ್ತದೆ, ಗಡಿ ಗುರುತಿಸಿಕೊಡುವುದು; ಆದರೆ ಆಡುಮಾತಿನಲ್ಲಿ ‘ಹದ್ದುಬಸ್ತಿನಲ್ಲಿ ಇಡು’ ಎಂದರೆ ಬಗ್ಗಿಸು. ಸದ್ಯಕ್ಕೆ ‘ಎಲ್ಲೆ ಗೊತ್ತುಮಾಡುವುದು’ ಎಂದಿಟ್ಟಿದ್ದೇನೆ. ಎಲ್ಲೆ ಇಬ್ಬರಿಗೂ ಗೊತ್ತಿರುತ್ತದೆ, ಅದು ಇಬ್ಬರನ್ನೂ ಕಟ್ಟುತ್ತದೆ.

ಮೂರನೆಯದು ‘ಮ್ಯಾನಿಪ್ಯುಲೇಟಿವ್’, ಬೇಕಾದ್ದನ್ನು ಪಡೆಯಲು ಇತರರನ್ನು ಆಡಿಸುವವರು ಎಂಬ ಅರ್ಥದಲ್ಲಿ ರೋಗಿಗೆ ಅಂಟಿಸುವ ಮಾತು. ವಾರ್ಡಿನ ಮಾತಿನಲ್ಲಿ ‘ನಾಟಕ’, ‘ಹಠ’, ವರದಿಯಲ್ಲಿ ‘ಗಮನ ಸೆಳೆಯಲು’. ನಾಟಕವೆಂದು ಬರೆದ ಮೇಲೆ ಮುಂದಿನ ಪಾಳಿಯವರು ಗಾಯವನ್ನು ಸರಿಯಾಗಿ ನೋಡುವುದಿಲ್ಲ, ತಮ್ಮನ್ನು ಗಾಯಗೊಳಿಸಿಕೊಳ್ಳುವ ಇಂಥವರಲ್ಲಿ ಆತ್ಮಹತ್ಯೆಯ ಅಪಾಯ ನಿಜವಾಗಿದ್ದರೂ. ಏನಾಯಿತೋ ಅದನ್ನಷ್ಟೇ ಬರೆಯಿರಿ, ವಿಶೇಷಣ ಬೇಡ ಎಂದು ಸೂಚನೆ ಹಾಕಿದ್ದೇನೆ. ಆದರೂ ಪರೀಕ್ಷೆಗೆ ಓದುವವರಿಗೆ ಒಂದು ಪದ ಬೇಕಲ್ಲ. ‘ಕುತಂತ್ರಿ’ ಹೊರತು ಬೇರೇನಾದರೂ ಇದ್ದರೆ ತಿಳಿಸಿ.

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರಲ್ಲಿ ವಿಶೇಷ ಕೋರಿಕೆ: ಮಾತು ತಡವಾದ ಮಗುವಿನ ಬಗ್ಗೆ, ಮನಸ್ಸು ಗಳಿಗೆಗೊಮ್ಮೆ ಏರಿಳಿಯುವವರ ಬಗ್ಗೆ ನಿಮ್ಮ ಕಡೆ ಮನೆಮಂದಿ ಹೀಗಳೆಯದೆ ಆಡುವ ಮಾತುಗಳಿದ್ದರೆ, ಎಂಥ ಸಂದರ್ಭದಲ್ಲಿ ಯಾರು ಯಾರಿಗೆ ಆಡುತ್ತಾರೆ ಎಂಬ ವಿವರದೊಂದಿಗೆ ಬರೆಯಿರಿ. ನಿಘಂಟಿನ ಅರ್ಥ ನನ್ನ ಬಳಿ ಇದೆ.