96 ಪಿಯುಸಿ ಬ್ಯಾಚ್ ಗ್ರೂಪ್: ಆ ಮೆಟ್ಟಿಲು ಫೋಟೋ

ನಾಗರಾಜ: (ಫಾರ್ವರ್ಡ್. ಕಲ್ಲು ಹೊತ್ತು ಮೆಟ್ಟಿಲು ಹತ್ತೋ ಜನರ ಸಾಲು) "ಜರ್ಮನಿ ಕೈದಿಗಳಿಗೆ ಕೂರಿಸಿ ಬಿರಿಯಾನಿ ಹಾಕಲಿಲ್ಲ, ದುಡಿಸಿತು. ಶಿಸ್ತು ಅಂದ್ರೆ ಇದು. ನಮ್ಮ ಜೈಲುಗಳೂ ಕಲಿಯಲಿ"

ಶೈಲಾ: ನಾಗಾ, ಇದು ಎಲ್ಲಿ ಅಂತ ಗೊತ್ತಾ ನಿಂಗೆ?

ನಾಗರಾಜ: ಜರ್ಮನಿ ಅಂತ ಇದ್ಯಲ್ಲ

ಪ್ರಸನ್ನ: ಆಸ್ಟ್ರಿಯಾ ಗುರು. ಮೌಟ್‌ಹೌಸೆನ್ ಅನ್ನೋ ನಾಜಿ ಕ್ಯಾಂಪಿನ ಕಲ್ಲುಕ್ವಾರಿ. ಲಿಂಜ್‌ನಲ್ಲಿ ಪ್ರಾಜೆಕ್ಟ್ ಇದ್ದಾಗ ಒಂದು ಭಾನುವಾರ ಹೋಗಿದ್ದೆ, 186 ಮೆಟ್ಟಿಲು, ಬರಿಗೈಲಿ ಹತ್ತೋಕೇ ಏದುಸಿರು ಬಂತು, ಅದೂ ಈಗ ರಿಪೇರಿ ಮಾಡಿದಾರೆ, ಆಗ ಒಂದೊಂದು ಮೆಟ್ಟಿಲು ಒಂದೊಂದು ಎತ್ತರ ಇತ್ತಂತೆ. ಮೇಲೆ ಒಬ್ಬ ಜಾರಿದ್ರೆ ಹಿಂದಿನ ಸಾಲೆಲ್ಲ ಕಲ್ಲಿನ ಸಮೇತ ಕೆಳಗೆ. ಅಂಚಿಂದ ಪ್ರಪಾತಕ್ಕೆ ತಳ್ಳಿಸ್ಕೊಂಡೋರಿಗೆ ಎಸ್ಎಸ್‌ನೋರು, ಅಂದ್ರೆ ಕ್ಯಾಂಪ್ ನಡೆಸ್ತಿದ್ದ ಹಿಟ್ಲರ್ ಪಡೆಯೋರು, ಪ್ಯಾರಾಶೂಟ್‌ನೋರು ಅಂತ ಹೆಸರಿಟ್ಟು ನಗ್ತಿದ್ರು

ನಾಗರಾಜ: ಯುದ್ಧದಲ್ಲಿ ಎಲ್ರೂ ಮಾಡ್ತಾರಪ್ಪ. ಹೊಡೀತಿದ್ದಿದ್ದು ಅವರ ಜೊತೆ ಕೈದಿಗಳೇ ಅಂತಾನೂ ಓದಿದೀನಿ

ಶೈಲಾ: ಕಾಪೋಗಳು. ಎಸ್ಎಸ್ ನೇಮಿಸಿದ ಕೈದಿ ಮೇಸ್ತ್ರಿಗಳು. ಹೊಡೀದೇ ಇದ್ರೆ ಮೇಸ್ತ್ರಿಕೆ ಹೋಯ್ತು, ನಾಳೆ ನೀನೂ ಕಲ್ಲು ಹೊರು. ತಾವೇ ಹೊಡೆಯೋದು ಬಿಟ್ಟು ಅವ್ರ ಕೈಲಿ ದೊಣ್ಣೆ ಕೊಟ್ಟೋರು ಯಾರು ಅಂತ ಕೇಳೋ

ಶೈಲಾ: ಇನ್ನೊಂದು, ಶಿಸ್ತು ಅಂದ್ಯಲ್ಲ, ಅದು ಸರಿಯಾಗೇ ಅಂದೆ, ನಂಗೆ ಹೆದರಿಕೆ ಆಗೋದೇ ಅಲ್ಲಿ. ಜರ್ಮನಿಯ ಡಾಖೌ ಅನ್ನೋ ಇನ್ನೊಂದು ನಾಜಿ ಕ್ಯಾಂಪಿನ ಕಮಾಂಡೆಂಟ್ ಐಕೆ 1933 ಅಕ್ಟೋಬರ್‌ನಲ್ಲೇ, ಅಂದ್ರೆ ಯುದ್ಧಕ್ಕೆ ಆರು ವರ್ಷ ಮೊದ್ಲೇ, ರೂಲ್ಸ್ ಬರೆದಿಟ್ಟ, ಇಂಥ ತಪ್ಪಿಗೆ 25 ಏಟು ಅಂತ. ಬೇರೆ ಕ್ಯಾಂಪುಗಳೂ ಅದನ್ನೇ ಹಿಡಿದ್ವು. ಮರದ ಬೆಂಚಿಗೆ ಬೋರಲು ಕಟ್ಟೋದು, ಏಟು ತಿನ್ನೋನೇ ಜರ್ಮನ್‌ನಲ್ಲಿ ಜೋರಾಗಿ ಎಣಿಸ್ಬೇಕು, ಲೆಕ್ಕ ತಪ್ಪಿದ್ರೆ ಮತ್ತೆ ಒಂದರಿಂದ. ಪೋಲೆಂಡಿನ ರೈತನಿಗೆ ಎಲ್ಲಿಂದ ಬರ್ಬೇಕು ಜರ್ಮನ್? ಇದಕ್ಕೆಲ್ಲ ಅರ್ಜಿ, ಮೇಲಿನೋರ ಮಂಜೂರಾತಿ, ಡಾಕ್ಟರ್ ಸಹಿ

ಡಾ. ಸುಮಾ: ಡಾಕ್ಟರ್ ಯಾಕೆ?

ಶೈಲಾ: ಏಟು ತಡ್ಕೊಳೋಕೆ ಫಿಟ್ ಇದಾನೆ ಅಂತ ಬರ್ಕೊಡೋಕೆ

ಡಾ. ಸುಮಾ: ಬೆಳಿಗ್ಗೆ ಇನ್ನೂ ಸ್ಕೂಲ್ ಸ್ಪೋರ್ಟ್ಸ್‌ಗೆ 11 ಮಕ್ಕಳಿಗೆ ಫಿಟ್‌ನೆಸ್ ಬರ್ಕೊಟ್ಟು ಬಂದೆ ಕಣೆ

ನಾಗರಾಜ: ಆಯ್ತು ಬಿಡ್ರಮ್ಮ, ನಂಗೇನು ಗೊತ್ತಿತ್ತು. ಫೋಟೋ ಡಿಲೀಟ್ ಮಾಡ್ತೀನಿ

ಪ್ರಸನ್ನ: ಫೋಟೋ ಇರ್ಲಿ ಮಾರಾಯಾ, ಮೇಲಿನ ಬರಹ ತೆಗಿ. ಕ್ಯಾಂಪಲ್ಲಿ ಫೋಟೋ ತೆಗೀತಿದ್ದೋರು ಎಸ್ಎಸ್‌ನೋರೇ, ಅವರ ಲ್ಯಾಬಲ್ಲಿ ಫ್ರಾನ್ಸಿಸ್ಕೋ ಬೋಯ್ಶ್ ಅಂತ ಸ್ಪೇನಿನ ಕೈದಿ ಇದ್ದ, ಅವನೂ ಜೊತೆಯೋರೂ ಸೇರಿ ನೆಗೆಟಿವ್ ಕದ್ದು ಹೊರಗೆ ಸಾಗಿಸಿದ್ರು. ಊರಿನ ಆನಾ ಪೊಯಿಂಟ್‌ನರ್ ಅನ್ನೋ ಹೆಂಗಸು ತನ್ನ ತೋಟದ ಗೋಡೆ ಸಂದಿಯಲ್ಲಿ ಬಚ್ಚಿಟ್ಲು, ಸಿಕ್ಕಿಬಿದ್ದಿದ್ರೆ ಅವಳೂ ಒಳಗೇ. 1946 ಜನವರಿಲಿ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್ ಕೋರ್ಟಲ್ಲಿ ಅಂಥ ಫೋಟೋ ಇಟ್ಕೊಂಡೇ ಬೋಯ್ಶ್ ಸಾಕ್ಷಿ ಹೇಳಿದ್ದು

ನಾಗರಾಜ: ಅಪಾರ್ಟ್‌ಮೆಂಟ್ ಗ್ರೂಪಿಗೂ ಹಾಕ್ಬಿಟ್ಟಿದೀನಿ ಕಣ್ರೋ. ಆಗ್ಲೇ 40 ಹೆಬ್ಬೆಟ್ಟು ಬಿದ್ದಿದೆ. ಅಲ್ಲಿ ಏನಂತ ಬರೀಲಿ?

ಶೈಲಾ: ಟೈಪ್ ಮಾಡ್ತಿದೀನಿ, ಇರು