‘ಇಟ್ ಡಿಪೆಂಡ್ಸ್ ಆನ್’ ಥರದ ಮಾತುಗಳನ್ನು ನುಡಿಗಟ್ಟು ಅನ್ನಬಹುದಾ?

ಹಾಸನದಲ್ಲಿ ಡಿಗ್ರಿ ಓದುವ ಹುಡುಗ ಹುಡುಗಿಯರಿಗೆ ಸಂಜೆ ಹೊತ್ತು ಇಂಗ್ಲಿಷ್ ಮಾತಾಡುವುದನ್ನು ಹೇಳಿಕೊಡುತ್ತೇನೆ. ಅವರಿಗಾಗಿ ಕನ್ನಡದಲ್ಲೇ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ, ಒಂದು ಪದ ಬೇಕಾಗಿದೆ. ‘ಆಸ್ ಫಾರ್ ಆಸ್ ಐ ನೋ’, ‘ಬೈ ದ ಟೈಮ್’, ‘ಡು ಯು ಮೈಂಡ್ ಇಫ್’, ‘ಇಟ್ ಡಿಪೆಂಡ್ಸ್ ಆನ್’ ಇವೆಲ್ಲ ಯಾವಾಗಲೂ ಒಟ್ಟಿಗೇ ಬರುವ ಮಾತುಗಳು. ಇಂಗ್ಲಿಷ್ ಮನೆಮಾತಿನವರು ಇವನ್ನು ಬಿಡಿಸಿ ಜೋಡಿಸುವುದಿಲ್ಲ, ಇಡಿಯಾಗಿ ಆಡಿಬಿಡುತ್ತಾರೆ. ಇವಕ್ಕೆ ಕನ್ನಡದಲ್ಲಿ ಏನನ್ನಬೇಕು?

ನುಡಿಗಟ್ಟು ಅಂತ ಕೆಲವರು ಹೇಳಿದರು. ತಪ್ಪೇನಲ್ಲ. ಆದರೆ ಶಾಲೆಯಲ್ಲಿ ನುಡಿಗಟ್ಟು ಅಂದರೆ ಎತ್ತಿದ ಕೈ, ಕಣ್ಣಿಗೆ ಮಣ್ಣೆರಚು, ಗಾಳಿಗೆ ತೂರು. ಅಂದರೆ ಬಿಡಿ ಪದಗಳ ಅರ್ಥ ಒಂದು, ಒಟ್ಟು ಸೇರಿದಾಗ ಬರುವ ಅರ್ಥ ಇನ್ನೊಂದು. ಈ ಹೆಸರು ಇಟ್ಟ ಕೂಡಲೇ ಕಲಿಸುವವರ ಮನಸ್ಸು ಬಣ್ಣದ ಮಾತುಗಳ ಕಡೆ ಹೋಗುತ್ತದೆ. ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಬಾಯಿಪಾಠ ಮಾಡಿಸುತ್ತಾರೆ. ಹುಡುಗರು ಒಪ್ಪಿಸುತ್ತಾರೆ, ಆಮೇಲೆ ನಿಜವಾಗಿ ಮಳೆ ಬಂದಾಗ ‘ರೈನ್ ಈಸ್ ಕಮಿಂಗ್’ ಅನ್ನುತ್ತಾರೆ, ಯಾಕೆಂದರೆ ಕನ್ನಡದಲ್ಲಿ ಮಳೆ ಬರುತ್ತೆ ಅಲ್ವಾ. ‘ಇಟ್ಸ್ ರೇನಿಂಗ್’ ಅನ್ನುವ ಸಾದಾ ಮಾತನ್ನೂ ಇಡಿಯಾಗಿ ಕಲಿಸಬೇಕು ಅಂತ ಯಾರಿಗೂ ಹೊಳೆಯುವುದೇ ಇಲ್ಲ.

ಆದರೆ ಮಾತು ಸರಾಗ ಆಗುವುದು ಈ ಸಾದಾ ಮಾತುಗಳಿಂದಲೇ. 1983ರಲ್ಲಿ ಪಾಲಿ ಮತ್ತು ಸೈಡರ್ ಅನ್ನುವ ಭಾಷಾತಜ್ಞರು ಇದನ್ನೇ ಹೇಳಿದ್ದರು. ಮಾತಾಡುವಾಗ ಮುಂದಿನದನ್ನು ಯೋಚಿಸಲು ಸಿಗುವ ಸಮಯ ತೀರಾ ಕಮ್ಮಿ, ಆದರೂ ಜನ ತಡವರಿಸದೆ ಉದ್ದುದ್ದ ಮಾತಾಡುತ್ತಾರೆ ಅಂದರೆ ನೆನಪಿನಲ್ಲಿ ಸಿದ್ಧ ಮಾತುಗಳ ದೊಡ್ಡ ದಾಸ್ತಾನೇ ಇರಬೇಕು ಅಂತ. ಆಮೇಲೆ 2006ರಲ್ಲಿ ಫ್ರಾಂಕ್ ಬೋರ್ಸ್ ಮತ್ತು ಜೊತೆಯವರು ಬೆಲ್ಜಿಯಂನಲ್ಲಿ ಇಂಗ್ಲಿಷ್ ಕಲಿಯುವ 32 ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಎಲ್ಲರಿಗೂ 22 ಗಂಟೆಗಳ ಪಾಠ. ಒಂದು ಗುಂಪಿಗೆ ಮಾತ್ರ, ಓದಿದ್ದರಲ್ಲಿ ಕೇಳಿದ್ದರಲ್ಲಿ ಯಾವ ಪದಗಳು ಜೊತೆಜೊತೆಗೆ ಬರುತ್ತವೆ ಅಂತ ಗಮನಿಸುವುದನ್ನು ಕಲಿಸಿದರು. ಕೊನೆಗೆ ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಪರೀಕ್ಷಕರು ಸಂದರ್ಶನ ಮಾಡಿದಾಗ ಆ ಗುಂಪಿನವರೇ ಚೆನ್ನಾಗಿ ಮಾತಾಡುತ್ತಾರೆ ಅನ್ನಿಸಿತು. ಇಂಥ ಸಿದ್ಧ ಮಾತು ಜಾಸ್ತಿ ಬಳಸಿದವರಿಗೆ ಅಂಕವೂ ಜಾಸ್ತಿ ಬಂದಿತ್ತು. ಪ್ರಯೋಗ ಚಿಕ್ಕದು, ನಿಜ, ಆದರೂ ನನ್ನ ತರಗತಿಯಲ್ಲಿ ಕಾಣುವುದಕ್ಕೆ ಅದು ಹೊಂದುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ ಕಡೆ ಹೋಂಸ್ಟೇಗಳಲ್ಲಿ ಕೆಲಸ ಮಾಡುವ ಹುಡುಗರನ್ನು ನೋಡಿ. ‘ವೆಲ್‌ಕಮ್ ಸಾರ್, ಹೌ ವಾಸ್ ಯುವರ್ ಜರ್ನಿ’ ನೀರು ಕುಡಿದ ಹಾಗೆ ಬರುತ್ತದೆ. ಬಂದವರು ನಾಳೆ ಮುಳ್ಳಯ್ಯನಗಿರಿಯಲ್ಲಿ ಸೂರ್ಯ ಹುಟ್ಟುವುದು ಕಾಣುತ್ತಾ ಅಂತ ಕೇಳಿದರೆ ಮಾತ್ರ ನಿಂತುಬಿಡುತ್ತಾರೆ. ಮನಸ್ಸಿನಲ್ಲಿ ‘ಮಂಜು ನೋಡ್ಕೊಂಡು ಹೇಳ್ಬೇಕು ಸಾರ್’ ಅಂತ ಇರುತ್ತದೆ. ಅದನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷ್ ಮಾಡಲು ಹೋದರೆ ದಾರಿಯೇ ಇಲ್ಲ. ‘ಇಟ್ ಡಿಪೆಂಡ್ಸ್ ಆನ್ ದ ಮಿಸ್ಟ್’ ಅಂದರೆ ಮುಗಿಯಿತು. ಮಂಜಿನ ಜಾಗದಲ್ಲಿ ಮಳೆ, ರಸ್ತೆ, ಡ್ರೈವರ್, ಏನು ಬೇಕಾದರೂ ಇಡಬಹುದು. ಸ್ವಾಗತದ ಮಾತು ಒಂದೇ ಕಡೆ ಕೆಲಸಕ್ಕೆ ಬರುತ್ತದೆ, ಇದು ನೂರು ಕಡೆ. ಹಾಗಾಗಿ ನನಗೆ ಬೇಕಾಗಿರುವುದು ಮುಖ್ಯವಾಗಿ ಇಂಥ ಖಾಲಿ ಜಾಗ ಇರುವ ಮಾತುಗಳಿಗೆ ಒಪ್ಪುವ ಹೆಸರು.

ಕನ್ನಡದಲ್ಲೂ ಇವು ತುಂಬಿಕೊಂಡಿವೆ. ಹೊರಡುವಾಗ ‘ಬರ್ತೀನಿ’ ಅನ್ನುತ್ತೇವೆ. ‘ಹೇಳ್ಬೇಕು ಅಂದ್ರೆ’, ‘ಅದೇನಪ್ಪಾ ಅಂದ್ರೆ’, ‘ಹಾಗಂತ ಅಲ್ಲ’ ಇವುಗಳಿಲ್ಲದೆ ನಮ್ಮ ಮಾತು ಮುಂದಕ್ಕೇ ಹೋಗುವುದಿಲ್ಲ. ಇವನ್ನು ತೋರಿಸಿದರೆ ಹುಡುಗರಿಗೆ ತಕ್ಷಣ ಅರ್ಥವಾಗುತ್ತದೆ, ಮುದ್ದೆಯ ಥರ ಅಗಿಯದೆ ಇಡಿಯಾಗಿ ನುಂಗಬೇಕು ಅಂತ.

ನಾನು ಯೋಚಿಸಿದ ಪದಗಳು ಹೀಗಿವೆ. ಪದಗುಚ್ಛ, ಪದಪುಂಜ ಅಂದರೆ ವ್ಯಾಕರಣದ ವಾಸನೆ, ಅಕ್ಕಪಕ್ಕ ಬಂದ ಯಾವ ಪದಗಳಿಗಾದರೂ ಹೇಳಬಹುದು. ಜೋಡುನುಡಿ ಅಂದರೆ ಸತಿಪತಿ, ನೆರೆಹೊರೆ ಅಂತ ಆಗಲೇ ಕೂತಿದೆ. ಸಿದ್ಧವಾಕ್ಯ ಅನ್ನೋಣ ಅಂದರೆ ಇವು ಪೂರ್ತಿ ವಾಕ್ಯಗಳೇ ಅಲ್ಲ. ಸದ್ಯಕ್ಕೆ ‘ಇಡಿಮಾತು’ ಅಂತ ಬರೆದುಕೊಂಡಿದ್ದೇನೆ. ಕೇಳಲು ಸಹಜ ಅನ್ನಿಸುತ್ತಾ? ಇಲ್ಲ, ನುಡಿಗಟ್ಟನ್ನೇ ಇಟ್ಟುಕೊಂಡು ಅದರ ಅರ್ಥ ಹಿಗ್ಗಿಸುವುದೇ ವಾಸಿಯಾ? ಸಕಲೇಶಪುರ, ಕೊಪ್ಪ, ಕಡೂರು ಕಡೆಯ ಆಡುಮಾತಿನಲ್ಲಿ ಇದಕ್ಕೆ ಹತ್ತಿರದ ಪದ ಯಾರಾದರೂ ಕೇಳಿದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆ ದಯವಿಟ್ಟು ತಿಳಿಸಿ.